ಕ್ಲಚ್ ಇಲ್ಲದ ಕಾರು

ಕಾರು ಕಲಿಸುವ ಹೆಂಗಸಿನ ಮನೆಯಲ್ಲಿ ಕಾರೇ ಇರಲಿಲ್ಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ನಿಜ. ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯುವುದು ಕಲಿಸಿದವಳು ಆಕೆ. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ರಿಟೈರಾದ ಮೇಲೆ ಹುರುಪು ಬಂದ ಮೇಷ್ಟರು, ಎಲ್ಲರೂ ಆಕೆಯ ಪಕ್ಕದ ಸೀಟಿನಲ್ಲಿ ಬೆವರಿದವರೇ. ಸಂಜೆಯಾದರೆ ಡ್ರೈವಿಂಗ್ ಸ್ಕೂಲಿನ ಆ ಸವಕಲು ಕಾರನ್ನು ಶೆಡ್ಡಿಗೆ ಬಿಟ್ಟು, ಕೀಲಿಯನ್ನು ಮೊಳೆಗೆ ಸಿಕ್ಕಿಸಿ, ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದಳು. ಎಷ್ಟೋ ಸಲ ಆ ಬಸ್ಸನ್ನು ಓಡಿಸುತ್ತಿದ್ದವನು ಆಕೆಯ ಗಂಡನೇ. ನಿಮಗೆ ಕಾರು ಯಾಕೆ ಬೇಕು, ಅಷ್ಟು ದೊಡ್ಡ ಗಾಡಿಯೇ ಇದೆಯಲ್ಲ ಎಂದು ಅಕ್ಕಪಕ್ಕದವರು ತಮಾಷೆ ಮಾಡಿದರೆ, ಹೌದು, ಅದರ ಡೀಸೆಲ್ಲನ್ನೂ ಸರ್ಕಾರವೇ ಹಾಕಿಸುತ್ತೆ ಎಂದು ಆಕೆಯೂ ನಗುತ್ತಿದ್ದಳು.

ಕಲಿಯಲು ಬಂದವರು ಆಕೆಯನ್ನು ಮಿಸ್ ಎನ್ನುತ್ತಿದ್ದರು. ಮಿಸ್ ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಸ್ಕೂಲಿನ ಕಾರಿನಲ್ಲಿ ಆಕೆ ಕೂರುವ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಎದುರಿಗೆ ಲಾರಿ ಬಂದು ಕಲಿಯುವವರ ಕೈಕಾಲು ತಣ್ಣಗಾಗುವಷ್ಟರಲ್ಲಿ ಆಕೆಯ ಕಾಲು ತನ್ನ ಪಾಡಿಗೆ ತಾನು ಕೆಲಸ ಮುಗಿಸಿರುತ್ತಿತ್ತು. ಗಾಡಿ ನಿಂತ ಮೇಲೆ, ನೋಡಿದ್ರಾ, ಏನೂ ಆಗ್ಲಿಲ್ಲ, ಮತ್ತೆ ಸ್ಟಾರ್ಟ್ ಮಾಡಿ ಎನ್ನುವಳು, ಅಷ್ಟೇ. ಒಂದು ವಿಷಯದಲ್ಲಿ ಮಾತ್ರ ಆಕೆ ಕಲ್ಲು. ಕೈ ಕೂರದವರನ್ನು, ಕಣ್ಣು ರಸ್ತೆಯ ಮೇಲೆ ನಿಲ್ಲದವರನ್ನು ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ನೀವು ರಸ್ತೆಗೆ ಇಳಿಯೋ ಹಾಗಿಲ್ಲ ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು. ದುಡ್ಡು ಕೊಟ್ಟಿಲ್ವಾ ಎಂದು ಹಾರಾಡಿದವರುಂಟು, ಮಾಲೀಕನ ಹತ್ತಿರ ಚಾಡಿ ಹೇಳಿದವರುಂಟು. ಮಾಲೀಕ ತಲೆ ಚಚ್ಚಿಕೊಂಡರೂ ಆಕೆ ಕದಲಿದ್ದಿಲ್ಲ. ಊರಿಗೆಲ್ಲ ಇಷ್ಟು ನೆಟ್ಟಗೆ ಹೇಳುವ ಹೆಂಗಸಿಗೆ ತನ್ನ ಮನೆಯೊಳಗೆ ಅದೇ ಮಾತು ಹೇಳಬೇಕಾಗಿ ಬಂದಾಗ ಬಾಯಿ ಕಟ್ಟಿಹೋಯಿತು.

ಗಂಡನಿಗೆ ಡಿಪೋದಲ್ಲಿ ಗಡಿಯಾರ ಎಂದು ಅಡ್ಡಹೆಸರು. ಅವನ ಬಸ್ಸು ತಿರುವಿನಲ್ಲಿ ಕಂಡಿತೆಂದರೆ ಬೇಕರಿಯವನು ಬಾಗಿಲು ತೆಗೆಯುವನು, ಕಾರ್ಖಾನೆಗೆ ಹೋಗುವವರು ಓಡಲು ಶುರುಮಾಡುವರು. ಸರ್ವೀಸಿನುದ್ದಕ್ಕೂ ಒಂದು ಕೋಳಿಮರಿಯ ಮೇಲೂ ಚಕ್ರ ಹತ್ತಿಸಿದವನಲ್ಲ ಎಂಬುದೇ ಅವನ ಆಸ್ತಿ. ಮಾತು ಎಲ್ಲಿಂದ ಹೊರಟರೂ ಆ ಕೋಳಿಮರಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಸಾಕು ಬಿಡಿ, ಆ ಕೋಳಿಗೂ ಈಗ ಮೊಮ್ಮಕ್ಕಳಾಗಿರುತ್ತೆ ಎಂದು ಹೆಂಡತಿ ಕಾಲೆಳೆಯುವಳು. ಬಸ್ ಡ್ರೈವರನಿಗೆ ಇನ್ಯಾರು ಪದಕ ಕೊಡುತ್ತಾರೆ ಹೇಳಿ. ಅವನ ಹೆಮ್ಮೆ ಅವನಿಗಿರಲಿ.

ಒಂದು ರಜೆಯ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಹಾಗೇ ಎಡಕ್ಕೆ ವಾಲಿ ಬಿದ್ದ. ಪಾರ್ಶ್ವವಾಯು. ಬಸ್ಸಿನಲ್ಲಿದ್ದಾಗ ಬಡಿಯಲಿಲ್ಲವಲ್ಲ, ಅಷ್ಟು ಜನರ ಪುಣ್ಯ ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ಮಾತು ಉಳಿಯಿತು, ನೆನಪು ಉಳಿಯಿತು, ಎಡಗೈ ಹೆಚ್ಚುಕಡಿಮೆ ಮರಳಿ ಬಂತು. ಎಡಗಾಲು ಮಾತ್ರ ನೆಲಕ್ಕೆ ಎಳೆಯುತ್ತಿತ್ತು. ಕೆಲಸ ಹೋಯಿತು. ಡಿಪೋದವರು ಎಲ್ಲರೂ ಸೇರಿ ಒಂದು ಉಡುಗೊರೆ ಕೊಟ್ಟು ಕಳಿಸಿದರು. ಬಿಚ್ಚಿ ನೋಡಿದರೆ ಗೋಡೆ ಗಡಿಯಾರ. ಗಡಿಯಾರನಿಗೆ ಗಡಿಯಾರವನ್ನೇ ಕೊಟ್ಟಿದ್ದರು, ನೋಡಿ ಅವರ ಬುದ್ಧಿ. ಅದನ್ನು ಅವನು ಗೋಡೆಗೆ ಹಾಕಗೊಡಲಿಲ್ಲ. ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ರಸ್ತೆಯಲ್ಲಿ ಬಸ್ಸು ಹೋದಾಗಲೆಲ್ಲ ತಡ ಎನ್ನುವನು, ಮತ್ತೆ ಸುಮ್ಮನಾಗುವನು. ದಿನವಿಡೀ ಅವನ ಬಾಯಿಂದ ಬರುತ್ತಿದ್ದದ್ದು ಆ ಒಂದು ಮಾತೇ.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಹೆಂಡತಿಯೊಬ್ಬಳನ್ನೇ ಒಳಗೆ ಕೂರಿಸಿಕೊಂಡು ಮಾತಾಡಿದ್ದರು. ಕಾಲು ಸರಿಹೋಗುತ್ತದೆ, ವ್ಯಾಯಾಮ ಬಿಡಬಾರದು. ಆದರೆ ಇನ್ನೊಂದಿದೆ. ಅವರಿಗೆ ಎಡಗಡೆ ಆಗಾಗ ತಪ್ಪಿಹೋಗುತ್ತದೆ. ಅದು ಕಣ್ಣಿನ ದೋಷವಲ್ಲ. ಕಣ್ಣು ನೋಡುತ್ತದೆ, ತಲೆ ಆ ಕಡೆ ಗಮನ ಕೊಡುವುದಿಲ್ಲ. ಎಡಗಡೆ ಅಂತ ಒಂದಿದೆ ಎಂಬುದೇ ಮರೆತಿರುತ್ತದೆ, ಮರೆತಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ. ಎಷ್ಟು ವಾಸಿಯಾಗುತ್ತದೋ ಈಗಲೇ ಹೇಳಲಾಗದು. ನಾನು ಮತ್ತೆ ಪರೀಕ್ಷೆ ಮಾಡಿ ಸರಿ ಎನ್ನುವವರೆಗೆ ಯಾವ ಗಾಡಿಯನ್ನೂ ಮುಟ್ಟಗೊಡಬೇಡಿ. ಆಕೆ ತಲೆಯಾಡಿಸಿ ಹೊರಗೆ ಬಂದಳು. ಬೆಂಚಿನ ಮೇಲೆ ಕೂತಿದ್ದ ಗಂಡ ಏನಂತೆ ಎಂದು ಕೇಳಿದ. ಅವನ ಮುಖ ಇಷ್ಟೇ ಇಷ್ಟಾಗಿತ್ತು. ಆಕೆ ಕಾಲಿನ ಮಾತಷ್ಟನ್ನೇ ಹೇಳಿದಳು. ಉಳಿದರ್ಧ ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ಎನ್ನುವುದು ಯಾವತ್ತಾದರೂ ಬಂದಿದೆಯೇ?

ಮನೆಗೆ ಬಂದ ಮೇಲೆ ಆಕೆಗೆ ಎಲ್ಲ ಕಣ್ಣಿಗೆ ಬೀಳತೊಡಗಿತು. ಗಂಡ ಊಟ ಮುಗಿಸಿ ಎದ್ದರೆ ತಟ್ಟೆಯ ಬಲಗಡೆ ತೊಳೆದಿಟ್ಟ ಹಾಗೆ ಖಾಲಿ, ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ. ಇಷ್ಟೇನಾ ಹಾಕಿದ್ದು ಎಂದು ಬೇರೆ ಕೇಳುವನು. ಆಕೆ ನೀರು ಬಗ್ಗಿಸುವ ನೆಪದಲ್ಲಿ ತಟ್ಟೆಯನ್ನು ಸದ್ದಿಲ್ಲದೆ ತಿರುಗಿಸಿಬಿಡುವಳು. ಬಲಗೆನ್ನೆ ನುಣ್ಣಗೆ ಕ್ಷೌರವಾಗಿ ಎಡಗೆನ್ನೆಯಲ್ಲಿ ಕೂಳೆ ಉಳಿದಿದ್ದರೆ, ಬೆಳಕು ಸಾಲದು ಈ ಬಚ್ಚಲಲ್ಲಿ ಎಂದು ಬಲ್ಬಿನ ಮೇಲೆ ತಪ್ಪು ಹೊರಿಸುವಳು. ಎಡಭುಜ ಬಾಗಿಲ ಚೌಕಟ್ಟಿಗೆ ಬಡಿದು ನೀಲಿಗಟ್ಟಿದರೆ ಎಣ್ಣೆ ಹಚ್ಚುವಳು. ಜೊತೆಗೇ ಇದ್ದ ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವಳು. ಅಳಿಯ ಹಡಗಿನ ಮೇಲೆ, ವರ್ಷದಲ್ಲಿ ಬಹುಪಾಲು ನೀರಲ್ಲೇ. ಹಾಗಾಗಿ ಇದನ್ನು ಕಂಡವಳು ಮಿಸ್ ಒಬ್ಬಳೇ, ಮುಚ್ಚಿದವಳೂ ಆಕೆಯೇ.

ಕಾರಿನ ಮಾತು ಬಂದದ್ದು ಮೊಮ್ಮಗಳಿಂದ. ಮಗುವಿಗೆ ಊರಿನ ಆಚೆ ತುದಿಯ ಶಾಲೆಯಲ್ಲಿ ಸೀಟು ಸಿಕ್ಕಿತು. ಆ ಕಡೆಗೆ ನೇರ ಬಸ್ಸಿಲ್ಲ. ಅಪ್ಪನ ನಿವೃತ್ತಿಯ ಹಣದಲ್ಲಿ ಸ್ವಲ್ಪ, ತನ್ನದು ಸ್ವಲ್ಪ ಹಾಕಿ, ಎಲ್ಲರೂ ಕೂರುವಂಥ ಒಂದು ಗಾಡಿ ತೆಗೆದುಕೊಂಡುಬಿಡೋಣ ಎಂದಳು ಮಗಳು. ಅಷ್ಟು ಹೇಳಿದ್ದೇ ತಡ, ಕಿಟಕಿಯ ಪಕ್ಕದ ಕುರ್ಚಿ ಕಿರುಗುಟ್ಟಿತು. ಗಂಡ ಎದ್ದು ನಿಂತಿದ್ದ.

"ಮಗೂನ ನಾನೇ ಬಿಡ್ತೀನಿ, ನಾನೇ ಕರ್ಕೊಂಡ್ ಬರ್ತೀನಿ. ಊರ ಮಕ್ಕಳನ್ನೆಲ್ಲ ಹೊತ್ತಿದ್ದೀನಿ, ನಮ್ಮ ಮನೆ ಮಗು ನಂಗೆ ಭಾರನಾ?"

ಮಗಳ ಕಣ್ಣಲ್ಲಿ ನೀರು ಬಂತು. ಅಪ್ಪ ಇಷ್ಟುದ್ದ ಮಾತಾಡಿ ಎಷ್ಟು ಕಾಲವಾಗಿತ್ತೋ. ಅಂದಿನಿಂದ ಮನುಷ್ಯನೇ ಬದಲಾದ. ಬೆಳಿಗ್ಗೆ ಬೇಗ ಏಳುವನು, ಹೇಳಿಸಿಕೊಳ್ಳದೆ ವ್ಯಾಯಾಮ ಮಾಡುವನು, ಹೆಂಡತಿ ಗೋಡೆಗೆ ಒರಗಿಸಿಟ್ಟ ಇಟ್ಟಿಗೆಯನ್ನು ಎಡಗಾಲಲ್ಲಿ ಒತ್ತಿ ಒತ್ತಿ ಅಭ್ಯಾಸ ಮಾಡುವನು. ಮೊಮ್ಮಗಳನ್ನು ಕೂರಿಸಿಕೊಂಡು ಹಾರ್ನ್ ಯಾವಾಗ ಹೊಡೆಯಬೇಕು, ಯಾವಾಗ ಹೊಡೆಯಬಾರದು ಎಂದು ಪಾಠ ಹೇಳುವನು. ಮಿಸ್‌ಗೆ ಗಂಡ ಮರಳಿ ಸಿಕ್ಕಿದ್ದ. ಆ ಖುಷಿಯ ತಳದಲ್ಲೇ ಡಾಕ್ಟರ ಉಳಿದರ್ಧ ಮಾತು ಬಿಸಿತುಪ್ಪವಾಗಿ ಕೂತಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ ಗಂಡ ಮತ್ತೆ ಆ ಕುರ್ಚಿಗೆ ಹೋಗಿ ಕೂರುತ್ತಾನೆ, ಈ ಸಲ ಏಳುವುದಿಲ್ಲ. ಹೇಳದಿದ್ದರೆ ಅವನ ಎಡಗಡೆಯ ಸೀಟಿನಲ್ಲಿ ಮಗು ಕೂರುತ್ತದೆ.

ಅಂತೂ ಬೇಡದ್ದನ್ನೆಲ್ಲ ಬಿಟ್ಟು ಕೊನೆಗೆ ಎರಡು ಎಸ್‌ಯುವಿ ಉಳಿದವು, ಎರಡೂ ಕೈಗೆಟುಕುವ ಬೆಲೆಯವು. ಮನೆಯಲ್ಲಿ ಅವುಗಳಿಗೆ ಬಣ್ಣದ ಮೇಲೇ ಹೆಸರು. ಒಂದು ಬಿಳಿಯದು, ಇನ್ನೊಂದು ಬೂದಿಯದು. ಬಿಳಿಯದು ಆಟೊಮ್ಯಾಟಿಕ್, ಕ್ಲಚ್ಚಿಲ್ಲ, ಗೇರು ಹಾಕುವ ತಾಪತ್ರಯವಿಲ್ಲ, ಬಲಗಾಲೊಂದು ನೆಟ್ಟಗಿದ್ದರೆ ಸಾಕು. ಐದು ಜನರಿಗೆ ಜಾಗ. ಬೂದಿಯದಕ್ಕೆ ಹಿಂದೆ ಇನ್ನೊಂದು ಸಾಲು ಸೀಟು, ಡಿಕ್ಕಿ ದೊಡ್ಡದು, ಮೈಲೇಜು ಮೇಲು, ಆದರೆ ಗೇರು ಕ್ಲಚ್ಚಿನ ಹಳೆಯ ಪದ್ಧತಿ. ಅದರಲ್ಲೇ ಆಟೊಮ್ಯಾಟಿಕ್ ಬೇಕೆಂದರೆ ಬೆಲೆ ಆಕಾಶಕ್ಕೆ ಹಾರುತ್ತಿತ್ತು. ಗಂಡನೂ ಮಗಳೂ ಬಿಳಿಯದು ಎಂದರು. ಮಿಸ್ ಬೂದಿಯದು ಎಂದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಆ ಹಿಂದಿನ ಸಾಲಿನಲ್ಲಿ ಯಾರನ್ನು ಕೂರಿಸ್ತೀಯಮ್ಮ, ಟಿಕೆಟ್ ಹರೀತೀಯಾ ಎಂದು ಮಗಳು ಕೇಳಿದಳು. ಅಪ್ಪ ಅದಕ್ಕೆ, ಕಂಡಕ್ಟರ್ ಕೆಲಸಕ್ಕೆ ಇವಳೇ ಸರಿ, ಚಿಲ್ಲರೆ ವಾಪಸ್ ಕೊಡಲ್ಲ ಎಂದ. ಮಿಸ್ ನಗಲಿಲ್ಲ. ನೆಂಟರು ಬರುತ್ತಾರೆ ಎಂದಳು, ಸಾಮಾನು ಹಿಡಿಸುತ್ತದೆ ಎಂದಳು, ಆಟೊಮ್ಯಾಟಿಕ್ ಕೆಟ್ಟರೆ ರಿಪೇರಿಯವನು ಚರ್ಮ ಸುಲಿಯುತ್ತಾನೆ ಎಂದಳು. ಹೋದ ವರ್ಷ ತಾನೇ ಪಕ್ಕದ ಮನೆಯವರಿಗೆ ಕಣ್ಣು ಮುಚ್ಚಿಕೊಂಡು ಆಟೊಮ್ಯಾಟಿಕ್ ತಗೊಳ್ಳಿ ಎಂದು ಉಪದೇಶ ಮಾಡಿದ ಬಾಯಿ ಅದು.

ಅವಳ ಲೆಕ್ಕ ಬೇರೆಯೇ ಇತ್ತು. ಬೂದಿಯದು ಬಂದರೆ ಗಂಡನ ಎಡಗಾಲಿಗೆ ಕ್ಲಚ್ ಬಗ್ಗುವುದಿಲ್ಲ. ಅವನು ಒಂದೆರಡು ಸಲ ಕೂತು ನೋಡಿ, ಆಗ್ಲಿಲ್ಲ ಕಣೆ, ನೀನೇ ಓಡಿಸು ಎನ್ನುತ್ತಾನೆ. ತಾನು ಬೇಡ ಎನ್ನಬೇಕಾಗಿಲ್ಲ, ಕಾರೇ ಬೇಡ ಎನ್ನುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದಕ್ಕೆ ಆಕೆ ತೆರಲು ಒಪ್ಪಿದ್ದು ತನ್ನ ಮಂಡಿಯನ್ನು. ವರ್ಷಗಟ್ಟಲೆ ಕಲಿಯುವವರ ಜೊತೆ ಕ್ಲಚ್ ಒತ್ತಿ ಒತ್ತಿ ಎಡಮಂಡಿ ಸವೆದಿತ್ತು. ಮೆಟ್ಟಿಲಿಳಿಯುವಾಗ ಹಲ್ಲು ಕಚ್ಚುತ್ತಿದ್ದಳು. ದಿನಾ ಎರಡು ಹೊತ್ತು ಊರಿನ ಟ್ರಾಫಿಕ್ಕಿನಲ್ಲಿ ಇನ್ನೊಂದು ಕ್ಲಚ್ ಎಂದರೆ ಏನೆಂದು ಆಕೆಗೇ ಗೊತ್ತಿತ್ತು. ಆದರೂ ಬೂದಿಯದೇ ಎಂದು ಹಟ ಹಿಡಿದಳು. ಗಂಡನಿಗೆ ಅದು ನಾಟಿತು. ಒಂದು ದಿನ ಇಟ್ಟಿಗೆ ಒತ್ತುತ್ತಲೇ, ಕಾಲಿಲ್ಲದವನು ಅಂತ ತೋರಿಸೋಕೆ ಅಷ್ಟು ಆಸೆನಾ ನಿಂಗೆ ಎಂದ. ಆಕೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಎರಡನ್ನೂ ಓಡಿಸಿ ನೋಡಿ ತೀರ್ಮಾನ ಮಾಡೋಣ ಎಂದು ಮಗಳು ರಜೆ ಹಾಕಿ ಎಲ್ಲರನ್ನೂ ಹೊರಡಿಸಿದಳು. ಬೇರೆಬೇರೆ ಕಂಪನಿಗಳ ಕಾರು ಮಾರುವ ದೊಡ್ಡ ಮಳಿಗೆ ಅದು. ಗಾಜಿನ ಗೋಡೆ, ಕನ್ನಡಿಯಂಥ ನೆಲ, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬಾನೆಟ್ಟುಗಳು. ಮಾರಾಟದ ಹುಡುಗಿ ಚುರುಕು. ಮೊಮ್ಮಗಳಿಗೆ ಒಂದು ಬಲೂನು ಕೊಟ್ಟು, ಹಿರಿಯರಿಗೆ ಕುರ್ಚಿ ಹಾಕಿ, ಸ್ಕ್ರೀನು, ಕ್ಯಾಮೆರಾ, ಏರ್‌ಬ್ಯಾಗು ಎಂದು ಶುರುಮಾಡಿದಳು. ಗಂಡ ಅವಳ ಮಾತು ಕೇಳಲೇ ಇಲ್ಲ. ಬಿಳಿಯದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ಎಂಜಿನ್ ಬಿಸಿಯಿದೆಯೇ ಎಂದು ನೋಡುವ ಹಳೆಯ ಅಭ್ಯಾಸವದು.

ಮೊದಲು ಬೂದಿಯದನ್ನು ಮಿಸ್ ಓಡಿಸಿದಳು. ಎಲ್ಲರೂ ಹತ್ತಿದ್ದರು. ಮಳಿಗೆಯ ಹಿಂದೆ ಗೋದಾಮುಗಳ ನಡುವೆ ಒಂದು ಅಗಲವಾದ ರಸ್ತೆ, ಆ ಹೊತ್ತಿನಲ್ಲಿ ಓಡಾಟ ಕಡಿಮೆ. ಎರಡು ಸುತ್ತು ಬಂದು ಇಳಿಯುವಾಗ ಮಂಡಿ ಹಿಡಿದುಕೊಂಡಿತು. ತೋರಗೊಡದೆ, ಗಾಡಿ ಬಂಗಾರದಂಥದ್ದು ಎಂದಳು. ಆಮೇಲೆ ಬಿಳಿಯದರ ಸರದಿ. ಮಾರಾಟದ ಹುಡುಗಿ ಕೀಲಿಯನ್ನು ಮಿಸ್ ಕಡೆಗೆ ಚಾಚಿದಳು. ನಡುವೆ ಗಂಡನ ಕೈ ಬಂತು. ಜೇಬಿನಿಂದ ಲೈಸೆನ್ಸ್ ತೆಗೆದು ತೋರಿಸಿದ. ಅವಧಿ ಇನ್ನೂ ಮುಗಿದಿರಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು. ಅಷ್ಟು ಜನರ ಎದುರಿಗೆ, ಆ ಮುಖ ನೋಡುತ್ತ, ಬೇಡ ಎನ್ನಲು ಮಿಸ್‌ಗೆ ಆಗಲಿಲ್ಲ. ಖಾಲಿ ರಸ್ತೆ, ತಾನು ಪಕ್ಕದಲ್ಲೇ ಇರುತ್ತೇನೆ, ಒಂದೇ ಸುತ್ತು ಎಂದು ತನಗೆ ತಾನೇ ಹೇಳಿಕೊಂಡಳು. ತಪ್ಪು ಮಾಡುವವರೆಲ್ಲ ಹೀಗೇ ಹೇಳಿಕೊಳ್ಳುತ್ತಾರೆ.

ಅಷ್ಟರಲ್ಲಿ ಮೊಮ್ಮಗಳು ಹಿಂದಿನ ಬಾಗಿಲು ತೆಗೆದು ಹತ್ತಿ ಕೂತಾಗಿತ್ತು. ಮಿಸ್ ಹೋಗಿ ಮಗುವನ್ನು ಎತ್ತಿ ಕೆಳಗಿಳಿಸಿದಳು.

"ಮಗು ಬೇಡ. ಇಲ್ಲೇ ಇರ್ಲಿ."

ಅಪ್ಪಾನೇ ತಾನೆ ಓಡಿಸೋದು, ಈಗಷ್ಟೇ ಮಗು ನಿನ್ನ ಜೊತೆ ಬರ್ಲಿಲ್ವಾ ಎಂದು ಮಗಳು ಕೇಳಿದಳು. ಮಕ್ಕಳ ಸೀಟಿಲ್ಲ, ಬೆಲ್ಟ್ ಸರಿ ಕೂರುವುದಿಲ್ಲ ಎಂದೇನೋ ಮಿಸ್ ತೊದಲಿದಳು. ಮಗುವಿನ ರಟ್ಟೆ ಹಿಡಿದಿದ್ದ ಕೈ ಬಿಗಿಯಾಗಿತ್ತು, ಅದು ಅಳುಮುಖ ಮಾಡಿತು. ಮಗಳು ಅಮ್ಮನನ್ನೇ ನೋಡುತ್ತ ಮಗುವನ್ನು ಕರೆದುಕೊಂಡು ಒಳಗೆ ಹೋದಳು. ಮಾರಾಟದ ಹುಡುಗಿ ಹಿಂದೆ ಕೂತಳು. ಮಿಸ್ ಎಡಗಡೆ ಕೂತು ಹ್ಯಾಂಡ್‌ಬ್ರೇಕಿನ ಹತ್ತಿರ ಕೈ ಇಟ್ಟುಕೊಂಡಳು.

ಗಾಡಿ ಹೊರಟಿತು. ಅಬ್ಬಾ, ಎಂಥ ಹೊರಡುವಿಕೆ. ಬಟ್ಟಲಲ್ಲಿ ಹಾಲಿಟ್ಟಿದ್ದರೂ ತುಳುಕುತ್ತಿರಲಿಲ್ಲ. ಬೆನ್ನು ನೇರ, ಕೈ ಹಗುರ, ಕನ್ನಡಿಯ ಮೇಲೊಂದು ಕಣ್ಣು. ಬಲಕ್ಕೆ ತಿರುಗುವಾಗ ನಿಧಾನಿಸಿ, ನೋಡಿ, ತಿರುಗಿಸಿದ. ಆಕೆಗೆ ಎದೆ ತುಂಬಿ ಬಂತು. ಮದುವೆಯಾದ ಹೊಸದರಲ್ಲಿ ಅವನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಇದೇ ಕೈಗಳನ್ನು ನೋಡಿದ್ದಳು. ಡಾಕ್ಟರು ಹೇಳಿ ತಿಂಗಳುಗಳೇ ಆದವು, ಈಗ ವಾಸಿಯಾಗಿರಬಹುದಲ್ಲ ಎಂಬ ಆಸೆ ಒಮ್ಮೆ ತಲೆಯೆತ್ತಿತು.

ಆಗ ಗಾಡಿ ಎಡಕ್ಕೆ ಸರಿಯತೊಡಗಿತು, ಗೊತ್ತಾಗದಷ್ಟು ಮೆಲ್ಲಗೆ. ಗೋದಾಮಿನ ಮುಂದೆ ನಿಂತಿದ್ದ ಲಾರಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಮಿಸ್ ಬಲಗಾಲು ಬ್ರೇಕ್ ಒತ್ತಿತು. ಧಪ್ ಎಂದು ಬರೀ ನೆಲಕ್ಕೆ ಬಡಿಯಿತು. ಸ್ಕೂಲಿನ ಕಾರಲ್ಲ ಇದು, ಇವಳ ಕಡೆ ಬ್ರೇಕಿಲ್ಲ. ಲಾರಿಯ ಮೂಲೆ ಕಿಟಕಿಯ ಕನ್ನಡಿಯನ್ನು ಸವರುವಷ್ಟು ಹತ್ತಿರದಲ್ಲಿ ಹಾದುಹೋಯಿತು. ಗಂಡ ಏನೂ ಆಗದವನ ಹಾಗೆ ಎದುರು ನೋಡುತ್ತಿದ್ದ. ಅವನ ಪಾಲಿಗೆ ಅಲ್ಲಿ ಲಾರಿ ಇರಲೇ ಇಲ್ಲ. ಮುಂದೆ ರಸ್ತೆಯ ಎಡ ಅಂಚಿನಲ್ಲಿ ಸೈಕಲ್ ಮೇಲೆ ಒಬ್ಬ ಹೆಂಗಸು ಹೋಗುತ್ತಿದ್ದಳು, ಹ್ಯಾಂಡಲ್ಲಿಗೆ ಊಟದ ಚೀಲ. ಗಾಡಿ ಅವಳ ಕಡೆಗೇ ಸರಿಯುತ್ತಿತ್ತು. ಮಿಸ್ ಕಾಲು ಮತ್ತೆ ನೆಲಕ್ಕೆ ಬಡಿಯಿತು, ಮತ್ತೆ ಬಡಿಯಿತು. ಕೊನೆಗೆ ಕೈ ಹ್ಯಾಂಡ್‌ಬ್ರೇಕನ್ನು ಪೂರ್ತಿ ಮೇಲಕ್ಕೆ ಎಳೆಯಿತು. ಗಾಡಿ ಕಿರುಚಿ, ಮುಗ್ಗರಿಸಿ ನಿಂತಿತು.

"ಯಾಕೆ ಎಳೆದೆ? ರಸ್ತೆ ಖಾಲಿ ಇದೆಯಲ್ಲ," ಎಂದ ಗಂಡ.

"ಎಡಕ್ಕೆ ನೋಡಿ."

ಅವನು ಕತ್ತು ಒಂದಿಷ್ಟು ಹೊರಳಿಸಿ, ಏನಿದೆ ಎಂದ.

"ಇನ್ನೂ ಎಡಕ್ಕೆ. ನನ್ನ ಮುಖ ದಾಟಿ ನೋಡಿ."

ಅವನು ನೋಡಿದ. ಹೆಂಡತಿಯ ಮುಖದಾಚೆ, ಕಿಟಕಿಗೆ ಅಂಟಿಕೊಂಡ ಹಾಗೆ, ಸೈಕಲ್ಲಿನಿಂದ ಹಾರಿ ಇಳಿದ ಹೆಂಗಸು ಒಂದು ಕೈಯನ್ನು ಗಾಜಿಗೆ ಊರಿಕೊಂಡು ನಿಂತಿದ್ದಳು. ಬೆನ್ನ ಹಿಂದೆ ಗೋದಾಮಿನ ಗೋಡೆ, ಸರಿಯಲು ಜಾಗವಿರಲಿಲ್ಲ. ಕಣ್ಣು ಎಲ್ಲಿಟ್ಕೊಂಡಿದ್ದೀರಿ ಎಂದು ಬೈಯುತ್ತಿದ್ದಳು. ಮಾರಾಟದ ಹುಡುಗಿ ಇಳಿದು ಓಡಿ ಅವಳನ್ನು ಸಮಾಧಾನ ಮಾಡಿದಳು, ಸೈಕಲ್ ಎತ್ತಿ ಕೊಟ್ಟಳು. ಯಾರಿಗೂ ಗಾಯವಾಗಿರಲಿಲ್ಲ. ಹೆಂಗಸು ತಿರುತಿರುಗಿ ನೋಡುತ್ತ ಸೈಕಲ್ ತಳ್ಳಿಕೊಂಡು ಹೋದಳು.

ಗಂಡನ ಕಣ್ಣು ಈಗ ಹೆಂಡತಿಯ ಕಾಲಿನ ಮೇಲಿತ್ತು. ಅದು ಇನ್ನೂ ಇಲ್ಲದ ಬ್ರೇಕನ್ನು ಒತ್ತಿ ಹಿಡಿದಿತ್ತು. ಅವನು ತಾನೇ ಎಂಜಿನ್ ಆರಿಸಿದ.

"ಮಗೂನ ಇಳಿಸಿಬಿಟ್ಟೆ ನೀನು," ಎಂದ ಆಮೇಲೆ. "ಅಂದ್ರೆ ನಿಂಗೆ ಮೊದಲೇ ಗೊತ್ತಿತ್ತು."

ಗೊತ್ತಿತ್ತು ಎಂದಳು. ಡಾಕ್ಟರು ಹೇಳಿದ್ದರಾ ಎಂದು ಕೇಳಿದ. ಹೌದೆಂದು, ಅವತ್ತು ಬೆಂಚಿನ ಹತ್ತಿರ ನುಂಗಿಕೊಂಡ ಮಾತನ್ನೆಲ್ಲ ಹೇಳಿದಳು. ತಟ್ಟೆ ತಿರುಗಿಸುತ್ತಿದ್ದದ್ದನ್ನೂ ಬಚ್ಚಲಿನ ಬಲ್ಬಿನ ಸುಳ್ಳನ್ನೂ ಬಿಡಲಿಲ್ಲ. ಅವನ ಮುಖ ಮೊದಲು ಕೆಂಪಾಯಿತು. ನನ್ನ ಬಗ್ಗೆ ನನಗೇ ಹೇಳಲಿಲ್ಲವಲ್ಲ, ಎಲ್ಲರ ಮುಂದೆ ಕುಣಿಸಿದೆಯಲ್ಲ ಎಂದು ಸ್ಟೀರಿಂಗ್ ಮೇಲೆ ಗುದ್ದಿದ. ಆಮೇಲೆ ಆ ಕೆಂಪೆಲ್ಲ ಇಳಿದುಹೋಯಿತು. ಕೋಳಿಮರಿಯ ಮೇಲೂ ಚಕ್ರ ಹತ್ತಿಸದವನು ಈಗ ಒಬ್ಬ ಹೆಂಗಸಿನ ಮೇಲೆ ಹತ್ತಿಸಲಿದ್ದ, ಅದೂ ಗೊತ್ತಿಲ್ಲದೆ. ಅವನಿಗೆ ಅಳು ಬಂತು. ಮರೆಮಾಚಲಿಲ್ಲ, ಕೂತಲ್ಲೇ ಅತ್ತ. ಆಕೆ ಅವನ ಬೆನ್ನ ಮೇಲೆ ಕೈ ಇಟ್ಟಳು, ಅವನು ಸರಿಸಲಿಲ್ಲ.

"ಅದಕ್ಕೇ ಬೂದಿಯದು ಬೂದಿಯದು ಅಂತ ಕೂತಿದ್ದೆ," ಎಂದ ಕಣ್ಣೊರೆಸಿಕೊಂಡು. "ಕ್ಲಚ್ ನನ್ನನ್ನ ತಡೀಲಿ ಅಂತ. ಈ ಕಾಲು ಸರಿಹೋದ ಮೇಲೆ?"

ಆಕೆ ಅವನ ಎಡಗಾಲನ್ನು ನೋಡಿದಳು.

"ಕಾಲು ಸರಿಹೋದ ದಿನ ನಾನು ಕೀ ಕೇಳ್ತೀನಿ. ಕೇಳೇ ಕೇಳ್ತೀನಿ, ನನ್ನ ಬುದ್ಧಿ ನಿಂಗೊತ್ತು. ಅವತ್ತು ಈ ಸೀಟಲ್ಲಿ ನೀನಿರಲ್ಲ, ಮಗು ಇರುತ್ತೆ."

ಮಿಸ್ ಮುಖ ಮುಚ್ಚಿಕೊಂಡಳು. ಅವಳ ಇಷ್ಟು ದಿನದ ಉಪಾಯದಲ್ಲಿ ಆ ಒಂದು ದಿನ ಲೆಕ್ಕಕ್ಕೇ ಬಂದಿರಲಿಲ್ಲ. ಗಂಡನ ಕಾಲು ಬೇಗ ಸರಿಹೋಗಲಿ ಎಂದು ದಿನಾ ತಾನೇ ಇಟ್ಟಿಗೆ ಒರಗಿಸಿ ಕೊಟ್ಟಿದ್ದಳು.

"ನಿನ್ನ ಹತ್ರ ಕಲಿಯೋರಿಗೆ ಹೇಳ್ತೀಯಲ್ಲ," ಎಂದ ಗಂಡ, "ನಂಗೂ ಹಾಗೇ ಹೇಳು."

ಆ ಕ್ಷಣ ಅವಳಿಗೆ ಅವನು ಕೈಮುಗಿದು ಏನು ಬೇಕಾದರೂ ಕೇಳಲಿ, ಇದೊಂದು ಬೇಡ ಎನಿಸಿತು. ಆದರೂ ಕೈ ಇಳಿಸಿ, ಅವನ ಕಡೆ ತಿರುಗಿ ಕೂತಳು.

"ನೀವು ರಸ್ತೆಗೆ ಇಳಿಯೋ ಹಾಗಿಲ್ಲ," ಎಂದಳು. "ಡಾಕ್ಟ್ರು ಸರಿ ಅನ್ನೋವರೆಗೂ ಇಲ್ಲ. ಅವರು ಯಾವತ್ತೂ ಅನ್ನದೇ ಇರಬಹುದು."

ಅವನು ತಲೆಯಾಡಿಸಿದ. ಬಾಗಿಲು ತೆಗೆದು ಇಳಿದು, ಬಾನೆಟ್ಟನ್ನು ಹಿಡಿದುಕೊಂಡು ಕಾಲೆಳೆಯುತ್ತ ಸುತ್ತಿ ಬಂದು ಎಡಗಡೆಯ ಬಾಗಿಲ ಹತ್ತಿರ ನಿಂತ. ಆಕೆ ಜಾಗ ಬಿಟ್ಟಳು. ಅವನು ಕೂತು ಬೆಲ್ಟಿಗಾಗಿ ತಡಕಾಡಿದ. ಅದು ಎಡಭುಜದ ಪಕ್ಕದಲ್ಲೇ ತೂಗುತ್ತಿತ್ತು, ಅವನಿಗೆ ಸಿಗಲಿಲ್ಲ. ಆಕೆ ಬಗ್ಗಿ ಎಳೆದು ಸಿಕ್ಕಿಸಿದಳು. ಅಷ್ಟು ಹತ್ತಿರದಿಂದ ಅವನು ಅವಳ ಮುಖ ನೋಡಿದ.

"ಬಿಳೀದೇ ತಗೋ. ನಿನ್ನ ಮಂಡಿ ಸತ್ತುಹೋಗಿದೆ, ನಂಗೇನು ಕಾಣಲ್ವಾ? ಅದು ಬಲಗಡೆಯಿಂದ್ಲೂ ಕಾಣುತ್ತೆ."

ಅವಳು ನಕ್ಕಳೋ ಅತ್ತಳೋ, ಹಿಂದೆ ಬಂದು ಕೂತ ಮಾರಾಟದ ಹುಡುಗಿಗೆ ತಿಳಿಯಲಿಲ್ಲ. ಮಿಸ್ ಗಾಡಿಯನ್ನು ತಿರುಗಿಸಿ ಮಳಿಗೆಗೆ ತಂದಳು.

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಹೋಗುವಾಗ ಬಲಗಡೆ ಕೂತಿದ್ದ ಅಪ್ಪ ಬರುವಾಗ ಎಡಗಡೆಯಿಂದ ಇಳಿದದ್ದು ನೋಡಿ ಮುಖ ಚಿಕ್ಕದಾಯಿತು. ಏನಾಯ್ತು, ಗಾಡಿ ಹಿಡಿಸ್ಲಿಲ್ವಾ ಎಂದು ಕೇಳಿದಳು. ಮಿಸ್ ಬಾಯಿ ತೆರೆದಳು. ಗಂಡ ಕೈಯೆತ್ತಿ ತಡೆದ. ಇದನ್ನೂ ನೀನೇ ಹೊರಬೇಡ ಎಂಬಂತಿತ್ತು.

"ಗಾಡಿ ಚೆನ್ನಾಗಿದೆ. ಇದನ್ನೇ ತಗೊಳ್ಳೋಣ. ಓಡಿಸೋಳು ನಿಮ್ಮಮ್ಮ," ಎಂದ. "ನಂಗೆ ಎಡಗಡೆ ಗೊತ್ತಾಗಲ್ಲ ಕಣಮ್ಮ. ಕಾಯಿಲೆಯಿಂದ ಹಾಗಾಗಿದೆ. ಈಗ ಒಬ್ಬಳ ಮೇಲೆ ಹತ್ತಿಸ್ತಿದ್ದೆ."

ಮಗಳು ಅಮ್ಮನ ಮುಖ ನೋಡಿದಳು. ಮಗುವಿನ ರಟ್ಟೆ ಹಿಡಿದ ಆ ಬಿಗಿ ಕೈ ಯಾಕಾಗಿತ್ತೆಂದು ಆಗ ಅವಳಿಗೆ ಹೊಳೆಯಿತು. ಏನೂ ಕೇಳದೆ ಅಮ್ಮನ ಪಕ್ಕಕ್ಕೆ ಬಂದು ನಿಂತುಕೊಂಡಳು. ಮಾರಾಟದ ಹುಡುಗಿ ದನಿ ತಗ್ಗಿಸಿ, ಹಾಗಾದ್ರೆ ಬಿಳಿಯದಕ್ಕೇ ಬರೆದುಕೊಳ್ಳಲಾ ಎಂದಳು. ಬರ್ಕೋಮ್ಮ ಎಂದ ಅವನು.

ಅಷ್ಟು ಹೊತ್ತೂ ಮೊಮ್ಮಗಳು ಅವನ ಎಡಗಡೆ ನಿಂತು ಅಂಗಿಯ ತುದಿ ಜಗ್ಗುತ್ತಿತ್ತು, ಬಲೂನು ತೋರಿಸುತ್ತಿತ್ತು. ಅವನು ಎದುರಿಗೇ ನೋಡುತ್ತಿದ್ದ. ದೊಡ್ಡವರ ಮಾತು ಕೇಳಿಸಿಕೊಂಡ ಮಗು ಜಗ್ಗುವುದನ್ನು ನಿಲ್ಲಿಸಿತು. ಅಜ್ಜನ ಬೆನ್ನ ಹಿಂದಿನಿಂದ ಸುತ್ತಿ ಬಂದು ಬಲಗಡೆ ನಿಂತು, ತಲೆಯೆತ್ತಿ ಕೇಳಿತು.

"ಈ ಕಡೆ ಗೊತ್ತಾಗುತ್ತಾ, ಅಜ್ಜ?"

"ಗೊತ್ತಾಗುತ್ತೆ," ಎಂದ ಅವನು, ಬಗ್ಗಿ ಮಗುವಿನ ಮುಖವನ್ನು ಪೂರ್ತಿ ನೋಡುತ್ತ. ಮಗು ಅವನ ಬಲಗೈ ಹಿಡಿದುಕೊಂಡು ಅಲ್ಲೇ ನಿಂತಿತು.